ಸೋತವನು ಸೇರಿದ ಶಾಲೆ

(‘ಸ್ಕೂಲ್ ಫಾರ್ ಸ್ಕೌಂಡ್ರಲ್ಸ್’ ಚಿತ್ರವನ್ನು ಕುರಿತು ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಹಾಸ್ಯಸಾಹಿತ್ಯ ಮತ್ತು ಸಿನಿಮಾ ಎಂಬ ವಿಷಯವನ್ನು ನನಗೆ ಕೊಟ್ಟಿದ್ದೀರಿ. ಅಷ್ಟು ದೊಡ್ಡ ಬಯಲನ್ನು ಒಂದು ಗಂಟೆಯಲ್ಲಿ ಸುತ್ತಿ ಬರುವುದಕ್ಕಿಂತ ಒಂದೇ ಚಿತ್ರದ ಎದುರು ಕೂರುವುದು ಮೇಲೆಂದು ನನಗೆ ತೋರಿತು. 1960ರಲ್ಲಿ ಬ್ರಿಟನ್ನಿನಲ್ಲಿ ತೆರೆಕಂಡ ‘ಸ್ಕೂಲ್ ಫಾರ್ ಸ್ಕೌಂಡ್ರಲ್ಸ್’ ಆ ಚಿತ್ರ. ಕಪ್ಪು ಬಿಳುಪಿನದು, ಸುಮಾರು ಒಂದೂವರೆ ಗಂಟೆಯದು. ನಿರ್ದೇಶಕ ರಾಬರ್ಟ್ ಹೇಮರ್. ಮುಖ್ಯ ಪಾತ್ರಗಳಲ್ಲಿ ಇಯಾನ್ ಕಾರ್ಮೈಕಲ್, ಟೆರಿ-ಥಾಮಸ್, ಅಲಸ್ಟೇರ್ ಸಿಮ್ ಮತ್ತು ಜಾನೆಟ್ ಸ್ಕಾಟ್. ನಿಮ್ಮಲ್ಲಿ ಬಹಳ ಮಂದಿ ಈ ಚಿತ್ರವನ್ನು ನೋಡಿರಲಾರಿರಿ. ಆದರೆ ಇದರ ಕಥೆ ನಿಮಗೆ ಗೊತ್ತು. ಬಸು ಚಟರ್ಜಿಯವರ ‘ಛೋಟಿ ಸಿ ಬಾತ್’ ನೋಡಿದವರೆಲ್ಲ ಈ ಕಥೆಯ ಎಲುಬುಗೂಡನ್ನು ನೋಡಿಯೇ ಇದ್ದಾರೆ. ಆ ಮಾತನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ.

ಈ ಚಿತ್ರಕ್ಕೆ ಆಧಾರವಾದದ್ದು ಸ್ಟೀಫನ್ ಪಾಟರ್ ಬರೆದ ಹಾಸ್ಯಪುಸ್ತಕಗಳು. 1947ರ ‘ಗೇಮ್ಸ್‌ಮನ್‌ಷಿಪ್’, 1950ರ ‘ಲೈಫ್‌ಮನ್‌ಷಿಪ್’, 1952ರ ‘ಒನ್-ಅಪ್‌ಮನ್‌ಷಿಪ್’. ಮೋಸ ಮಾಡದೆಯೇ, ಎಂದರೆ ಆಟದ ನಿಯಮಪುಸ್ತಕ ತಪ್ಪೆನ್ನಲಾರದ ಹಾಗೆ, ಎದುರಾಳಿಯ ಮನಸ್ಸನ್ನು ಕೆಡಿಸಿ ಗೆಲ್ಲುವುದು ಹೇಗೆಂದು ಮೊದಲ ಪುಸ್ತಕ ಹೇಳಿಕೊಡುತ್ತದೆ. ಮುಂದಿನವು ಅದೇ ವಿದ್ಯೆಯನ್ನು ಆಟದ ಮೈದಾನದಿಂದ ಊಟದ ಮನೆಗೆ, ಕಚೇರಿಗೆ, ವೈದ್ಯರ ಕೋಣೆಗೆ, ಸಾಹಿತ್ಯದ ಚರ್ಚೆಗೆ ಕೊಂಡೊಯ್ಯುತ್ತವೆ. ಇವು ಕಾದಂಬರಿಗಳಲ್ಲ, ಕಥೆಗಳೂ ಅಲ್ಲ. ಗಂಭೀರ ಪಠ್ಯಪುಸ್ತಕದ ವೇಷ ತೊಟ್ಟ ವಿನೋದ. ನಾ. ಕಸ್ತೂರಿಯವರ ‘ಅನರ್ಥಕೋಶ’ ಓದಿದವರಿಗೆ ಈ ಜಾತಿಯ ಬರಹ ಹೊಸದಲ್ಲ. ನಿಘಂಟಿನ ರೂಪದಲ್ಲಿ ನಗಿಸುವ ಪುಸ್ತಕವನ್ನು ಸಿನಿಮಾ ಮಾಡಿ ಎಂದು ಯಾರಾದರೂ ಕೇಳಿದರೆ ಎಷ್ಟು ಕಷ್ಟವೋ, ಪಾಟರ್ ಪುಸ್ತಕಗಳನ್ನು ಸಿನಿಮಾ ಮಾಡುವುದೂ ಅಷ್ಟೇ ಕಷ್ಟ. ಅಲ್ಲಿ ಆರಂಭವಿಲ್ಲ, ಅಂತ್ಯವಿಲ್ಲ, ಬೆಳೆಯುವ ಪಾತ್ರಗಳಿಲ್ಲ. ಈ ಕಷ್ಟವನ್ನು ಚಿತ್ರದವರು ಹೇಗೆ ದಾಟಿದರು ಎಂಬುದೇ ನನ್ನ ಇಂದಿನ ವಿಷಯ. ಅವರು ಪುಸ್ತಕಕ್ಕೆ ಒಬ್ಬ ಸೋತವನನ್ನು ಕೊಟ್ಟರು. ಪಾಟರ್‌ನ ಪುಟಗಳಲ್ಲಿ ಸೋಲುವವರು ಬೇಕಾದಷ್ಟಿದ್ದಾರೆ, ಆದರೆ ಸೋತವನ ಒಳಗೆ ಏನಾಯಿತೆಂದು ಪಾಟರ್ ಎಲ್ಲಿಯೂ ಕೇಳುವುದಿಲ್ಲ. ಚಿತ್ರ ಅಲ್ಲಿಂದಲೇ ಶುರುವಾಗುತ್ತದೆ.

ಮೊದಲು ಪಾಟರ್ ಬಗ್ಗೆ. ಹುಟ್ಟಿದ್ದು 1900ರಲ್ಲಿ, ತೀರಿಕೊಂಡದ್ದು 1969ರಲ್ಲಿ. ಆಕ್ಸ್‌ಫರ್ಡಿನಲ್ಲಿ ಓದಿದವರು. ಲಂಡನ್ನಿನ ಬರ್ಕ್‌ಬೆಕ್ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯದ ಅಧ್ಯಾಪಕರಾಗಿದ್ದರು. ಡಿ.ಎಚ್. ಲಾರೆನ್ಸ್ ಮೇಲೆ ಪುಸ್ತಕ ಬರೆದರು, ಕೋಲ್‌ರಿಜ್ ಮೇಲೆ ವರ್ಷಗಟ್ಟಲೆ ದುಡಿದರು. ವಿಶ್ವವಿದ್ಯಾಲಯಗಳಲ್ಲಿ ಸಾಹಿತ್ಯವನ್ನು ಕಲಿಸುವ ರೀತಿಯನ್ನು ವಿಮರ್ಶಿಸಿ 1937ರಲ್ಲಿ ‘ದಿ ಮ್ಯೂಸ್ ಇನ್ ಚೇನ್ಸ್’ ಎಂಬ ಪುಸ್ತಕವನ್ನೂ ತಂದರು. ಆಮೇಲೆ ಬಿಬಿಸಿ ರೇಡಿಯೋ ಸೇರಿ, ಜಾಯ್ಸ್ ಗ್ರೆನ್‌ಫೆಲ್ ಅವರೊಡನೆ ‘ಹೌ’ ಎಂಬ ವಿನೋದ ಸರಣಿಯನ್ನು ಕಟ್ಟಿದರು. 1946ರ ಸೆಪ್ಟೆಂಬರಿನಲ್ಲಿ ಬಿಬಿಸಿಯ ಥರ್ಡ್ ಪ್ರೋಗ್ರಾಮ್ ಆರಂಭವಾದ ಸಂಜೆ ಮೊದಲು ಪ್ರಸಾರವಾದದ್ದು ಇವರ ‘ಹೌ ಟು ಲಿಸನ್’. ಹೀಗೆ ಕಲಿಸುವ ದನಿಯ ಒಳಹೊರಗನ್ನು ಪೂರ್ತಿ ಬಲ್ಲವರು ಅವರು. ತರಗತಿಯಲ್ಲಿ ಕಲಿಸಿದ್ದರು, ರೇಡಿಯೋದಲ್ಲಿ ಆ ದನಿಯನ್ನು ಅಣಕಿಸಿದ್ದರು.

‘ಗೇಮ್ಸ್‌ಮನ್‌ಷಿಪ್’ ಹುಟ್ಟಿದ ಸಮಯವನ್ನು ನೆನೆದರೆ ಪುಸ್ತಕದ ಗುಣ ಇನ್ನಷ್ಟು ತಿಳಿಯುತ್ತದೆ. 1947ರ ಆರಂಭದ ಚಳಿಗಾಲ ಬ್ರಿಟನ್ನಿಗೆ ಬಹಳ ಕ್ರೂರವಾಗಿತ್ತು. ಯುದ್ಧ ಗೆದ್ದ ದೇಶದಲ್ಲಿ ಕಲ್ಲಿದ್ದಲಿಲ್ಲ, ವಿದ್ಯುತ್ತಿಲ್ಲ. ಕಾರ್ಖಾನೆಗಳು ನಿಂತವು. ಫೆಬ್ರವರಿಯಲ್ಲಿ ಥರ್ಡ್ ಪ್ರೋಗ್ರಾಮನ್ನೂ ಕೆಲಕಾಲ ನಿಲ್ಲಿಸಬೇಕಾಯಿತು. ಆ ಬಿಡುವಿನಲ್ಲಿ ಪಾಟರ್ ಈ ಪುಸ್ತಕವನ್ನು ಬರೆದರು. ರೂಪರ್ಟ್ ಹಾರ್ಟ್-ಡೇವಿಸ್ ಪ್ರಕಟಿಸಿದರು, ಫ್ರಾಂಕ್ ವಿಲ್ಸನ್ ಚಿತ್ರ ಬರೆದರು. ಬ್ರೆಡ್ಡಿಗೂ ಪಡಿತರವಿದ್ದ ಕಾಲದಲ್ಲಿ ‘ಗೆಲ್ಲುವ’ ಮಾತು ಎಷ್ಟು ಖಾಲಿಯಾಗಿ ಕೇಳಿಸುತ್ತಿತ್ತೆಂದು ಆ ಓದುಗರಿಗೆ ಗೊತ್ತಿತ್ತು. ಆದ್ದರಿಂದಲೇ ಅವರು ಅಷ್ಟು ನಕ್ಕರು ಎಂದು ನನ್ನ ನಂಬಿಕೆ.

ಪಾಟರ್ ತಮ್ಮ ಶಾಸ್ತ್ರದ ಮೂಲವನ್ನು 1931ರ ಒಂದು ಟೆನಿಸ್ ಪಂದ್ಯದಲ್ಲಿ ಕಾಣುತ್ತಾರೆ. ಅವರ ಜೊತೆಗಾರರಾಗಿ ಆಡಿದವರು ಬರ್ಕ್‌ಬೆಕ್‌ನಲ್ಲೇ ತತ್ವಶಾಸ್ತ್ರ ಕಲಿಸುತ್ತಿದ್ದ ಸಿ.ಇ.ಎಂ. ಜೋಡ್. ಎದುರಿಗೆ ಇಬ್ಬರು ಗಟ್ಟಿಮುಟ್ಟಾದ ವಿದ್ಯಾರ್ಥಿಗಳು. ಅಧ್ಯಾಪಕರಿಬ್ಬರೂ ಸೋಲುವ ಹಾದಿಯಲ್ಲಿದ್ದರು. ಒಂದು ಹೊಡೆತದಲ್ಲಿ ಜೋಡ್ ಬಾರಿಸಿದ ಚೆಂಡು ಎದುರಿನ ಅಂಕಣದಲ್ಲಿ ಎಲ್ಲಿಯೂ ಪುಟಿಯದೆ ನೇರವಾಗಿ ಹಿಂದಿನ ಬಲೆಗೆ ಬಡಿಯಿತು. ಅದು ಹೊರಗೆ ಹೋದದ್ದು ಕುರುಡರಿಗೂ ತಿಳಿಯುವಂತಿತ್ತು. ವಿದ್ಯಾರ್ಥಿಗಳು ಮುಂದಿನ ಸರ್ವಿಸಿಗೆ ಜಾಗ ಬದಲಿಸುತ್ತಿದ್ದಾಗ ಜೋಡ್ ಅತ್ಯಂತ ಸೌಜನ್ಯದಿಂದ, ಚೆಂಡು ಒಳಗೆ ಬಿತ್ತೋ ಹೊರಗೆ ಬಿತ್ತೋ ದಯವಿಟ್ಟು ಸ್ಪಷ್ಟವಾಗಿ ಹೇಳಿ ಎಂದು ಕೇಳಿಕೊಂಡರು. ಹುಡುಗರು ತಬ್ಬಿಬ್ಬಾದರು. ಹಿರಿಯರೆದುರು ತಾವೇನಾದರೂ ಅಗೌರವ ತೋರಿದೆವೋ, ಆಟದ ಶಿಷ್ಟಾಚಾರ ಮರೆತೆವೋ ಎಂಬ ಅಳುಕು ಅವರನ್ನು ಹಿಡಿಯಿತು. ಮತ್ತೆ ಆಡೋಣವೆಂದು ಕೇಳಿಕೊಂಡರು. ಬೇಡ, ಸ್ಪಷ್ಟವಾಗಿ ಹೇಳಿದರೆ ಸಾಕು ಎಂದರು ಜೋಡ್. ಅಲ್ಲಿಂದ ಮುಂದೆ ಹುಡುಗರ ಆಟ ಕೆಟ್ಟಿತು. ಗೆದ್ದವರು ಅಧ್ಯಾಪಕರು.

ಈ ಪ್ರಸಂಗದಲ್ಲಿ ಪಾಟರ್‌ನ ಇಡೀ ಶಾಸ್ತ್ರವಿದೆ. ಪಟ್ಟು ಕೆಲಸ ಮಾಡುವುದು ಎದುರಾಳಿ ಒಳ್ಳೆಯವನಾಗಿದ್ದರೆ ಮಾತ್ರ. ತನ್ನಿಂದ ತಪ್ಪಾಯಿತೇನೋ ಎಂದು ಅಳುಕದವನ ಮೇಲೆ ಇದು ನಡೆಯುವುದಿಲ್ಲ. ಆ ಹುಡುಗರಿಗೆ ನಾಚಿಕೆಯಿತ್ತು, ಹಿರಿಯರೆಂಬ ಗೌರವವಿತ್ತು, ಆಟ ನ್ಯಾಯವಾಗಿ ನಡೆಯಬೇಕೆಂಬ ಕಾಳಜಿಯಿತ್ತು. ಅವರನ್ನು ಸೋಲಿಸಿದ್ದು ಅವರ ಈ ಒಳ್ಳೆಯ ಗುಣಗಳೇ. ಪುಸ್ತಕ ಓದುವಾಗ ನಗು ಬರುತ್ತದೆ, ಆದರೆ ಆ ಹುಡುಗರು ಅಂದು ಮನೆಗೆ ಹೋಗುವಾಗ ಏನನ್ನು ಯೋಚಿಸುತ್ತಿದ್ದರು ಎಂದು ಕೇಳಿಕೊಂಡರೆ ಬೇರೊಂದು ಕಥೆ ತೆರೆದುಕೊಳ್ಳುತ್ತದೆ.

ಜೋಡ್ ಅವರ ಮುಂದಿನ ಬದುಕನ್ನೂ ಇಲ್ಲಿ ಹೇಳಬೇಕು. ಬಿಬಿಸಿಯ ‘ಬ್ರೇನ್ಸ್ ಟ್ರಸ್ಟ್’ ಕಾರ್ಯಕ್ರಮದಿಂದ ಅವರು ದೇಶಕ್ಕೆಲ್ಲ ಪರಿಚಿತರಾದರು. 1948ರಲ್ಲಿ ಲಂಡನ್ನಿನ ವಾಟರ್ಲೂ ನಿಲ್ದಾಣದಿಂದ ಎಕ್ಸೆಟರಿಗೆ ಹೋಗುವ ರೈಲಿನಲ್ಲಿ ಟಿಕೆಟ್ಟಿಲ್ಲದೆ ಸಿಕ್ಕಿಬಿದ್ದರು. 2 ಪೌಂಡ್ ದಂಡ. ಬಿಬಿಸಿಯ ಕೆಲಸ ಹೋಯಿತು, ಹೆಸರೂ ಹೋಯಿತು. ಆಟದಲ್ಲಿ ಯಾರಿಗೂ ನೋವಾಗದೆಂದು ನಾವು ಒಪ್ಪಿಕೊಳ್ಳುವ ಪಟ್ಟುಗಳಿಗೆ ಆಟದ ಹೊರಗೆ ಬೇರೆ ಬೆಲೆಯಿದೆ. ಆ ವಾಟರ್ಲೂ–ಎಕ್ಸೆಟರ್ ಹಳಿಯ ಮೇಲೆಯೇ ಯೋವಿಲ್ ಜಂಕ್ಷನ್ ಬರುತ್ತದೆ. ಈ ಪಟ್ಟುಗಳನ್ನು ಕಲಿಸುವ ಕಾಲ್ಪನಿಕ ವಿದ್ಯಾಲಯವನ್ನು ಪಾಟರ್ ತಮ್ಮ ಪುಸ್ತಕಗಳಲ್ಲಿ ಇಟ್ಟದ್ದು ಆ ಯೋವಿಲ್ ಊರಿನ ಸ್ಟೇಷನ್ ರಸ್ತೆಯಲ್ಲಿ.

ಪಾಟರ್ ಬರವಣಿಗೆಯ ರುಚಿ ಇರುವುದು ಅದರ ಸೋಗಿನ ಪಾಂಡಿತ್ಯದಲ್ಲಿ. ಅಡಿಟಿಪ್ಪಣಿಗಳು, ಅನುಬಂಧಗಳು, ನಕ್ಷೆಗಳು, ಇಲ್ಲದ ವಿದ್ವಾಂಸರ ಉಲ್ಲೇಖಗಳು. ದೂರದೇಶವೊಂದನ್ನು ಬಲ್ಲ ತಜ್ಞ ಮಾತಾಡುತ್ತಿದ್ದರೆ, ತಾವು ಹೇಳುವುದು ಆ ದೇಶದ ದಕ್ಷಿಣ ಭಾಗಕ್ಕೆ ಅನ್ವಯಿಸದಲ್ಲವೇ ಎಂದು ಮೆಲ್ಲಗೆ ಸೇರಿಸಿದರೆ ಸಾಕು ಎಂಬುದು ಅವರ ಪ್ರಸಿದ್ಧ ಪಟ್ಟುಗಳಲ್ಲೊಂದು. ಯಾವ ದೇಶವಾದರೂ ಸರಿ, ಹೊಂದುತ್ತದೆ. ಏನೂ ಗೊತ್ತಿಲ್ಲದವನು ಎಲ್ಲ ಗೊತ್ತಿದ್ದವನ ಬಾಯಿ ಕಟ್ಟುತ್ತಾನೆ. ಕೋಲ್‌ರಿಜ್‌ನ ಗ್ರಂಥ ಸಂಪಾದಿಸಿದ ವಿದ್ವಾಂಸನೊಬ್ಬ ವಿದ್ವತ್ತಿನ ಪೊಳ್ಳನ್ನು ಇಷ್ಟು ನಿಖರವಾಗಿ ತೋರಿಸಿದ್ದು ಸಣ್ಣ ಸಾಧನೆಯಲ್ಲ. ವಿಚಾರ ಸಂಕಿರಣಗಳಲ್ಲಿ ಕೂತು ಅಭ್ಯಾಸವಿರುವ ನಮ್ಮಂಥವರು ಆ ಪುಟಗಳನ್ನು ನಿಧಾನವಾಗಿ ಓದಬೇಕು.

ಇನ್ನು ಚಿತ್ರಕ್ಕೆ ಬರೋಣ.

ನಿರ್ಮಾಪಕ ಹಾಲ್ ಇ. ಚೆಸ್ಟರ್ ಅಮೆರಿಕದವರು. ಚಿಕ್ಕಂದಿನಲ್ಲಿ ನಟರಾಗಿದ್ದು ಆಮೇಲೆ ನಿರ್ಮಾಣಕ್ಕೆ ಬಂದವರು. ಚಿತ್ರಕಥೆಯಲ್ಲಿ ಪೀಟರ್ ಉಸ್ತಿನೋವ್, ಪೆಟ್ರೀಷಿಯಾ ಮೋಯ್ಸ್ ಮತ್ತು ಚೆಸ್ಟರ್ ಅವರ ಕೈಯಿದೆ. ಮೋಯ್ಸ್ ಯುದ್ಧಕಾಲದಲ್ಲಿ ರೇಡಾರ್ ಕೆಲಸ ಮಾಡಿದ್ದವರು, ಉಸ್ತಿನೋವ್ ಅವರ ಸಹಾಯಕಿಯಾಗಿದ್ದವರು, ಮುಂದೆ ಪತ್ತೇದಾರಿ ಕಾದಂಬರಿಗಳಿಂದ ಹೆಸರಾದವರು. ಪರದೆಯ ಮೇಲೆ ಹೆಸರು ಬಾರದ ಇನ್ನೊಬ್ಬ ಬರಹಗಾರರಿದ್ದರು. ಅವರು ಫ್ರಾಂಕ್ ಟಾರ್ಲಾಫ್. ಎಡಪಂಥೀಯರೆಂಬ ಆರೋಪದ ಮೇಲೆ ಹಾಲಿವುಡ್ ಕಪ್ಪುಪಟ್ಟಿಗೆ ಸೇರಿಸಿದ್ದ ಕಾರಣ ಅವರು ಸ್ವಂತ ಹೆಸರಿನಲ್ಲಿ ಬರೆಯುವ ಹಾಗಿರಲಿಲ್ಲ. ಕೆಲವೇ ವರ್ಷಗಳ ನಂತರ, 1964ರ ‘ಫಾದರ್ ಗೂಸ್’ ಚಿತ್ರಕ್ಕೆ ಅವರಿಗೆ ಆಸ್ಕರ್ ಪಾಲು ದೊರೆಯಿತು. ತನ್ನ ದೇಶದಲ್ಲಿ ಕೆಳಗೆ ತಳ್ಳಿಸಿಕೊಂಡ ಬರಹಗಾರನೊಬ್ಬ, ಯಾರು ಮೇಲೆ ಯಾರು ಕೆಳಗೆ ಎಂಬುದನ್ನೇ ವಸ್ತುವಾಗಿಸಿಕೊಂಡ ಕಥೆಗೆ ಕೈಹಾಕಿದ್ದ ಎಂಬುದು ನನ್ನ ಮನಸ್ಸಿನಲ್ಲಿ ಉಳಿದಿದೆ.

ಕಥೆ ಹೀಗೆ. ಹೆನ್ರಿ ಪಾಲ್‌ಫ್ರಿ (ಕಾರ್ಮೈಕಲ್) ರೈಲಿಳಿದು ಯೋವಿಲ್ಲಿನ ವಿದ್ಯಾಲಯಕ್ಕೆ ಬರುತ್ತಾನೆ. ಅಲ್ಲಿನ ಮುಖ್ಯಸ್ಥ ಮಿಸ್ಟರ್ ಎಸ್. ಪಾಟರ್ (ಸಿಮ್). ಲೇಖಕನ ಹೆಸರನ್ನೇ ಪಾತ್ರಕ್ಕಿಟ್ಟಿದ್ದಾರೆ. ತಾನು ಯಾಕೆ ಬಂದೆನೆಂದು ಪಾಲ್‌ಫ್ರಿ ಹೇಳುತ್ತಾನೆ, ಹಿಂದಿನದು ತೆರೆಯ ಮೇಲೆ ಬಿಚ್ಚಿಕೊಳ್ಳುತ್ತದೆ. ಬಸ್ಸಿಗೆ ಓಡುವಾಗ ಏಪ್ರಿಲ್ ಎಂಬ ಯುವತಿಗೆ ಡಿಕ್ಕಿ ಹೊಡೆದು ಪರಿಚಯವಾಗಿದೆ. ಅವಳನ್ನು ಊಟಕ್ಕೆ ಕರೆದೊಯ್ದರೆ ಮೊದಲೇ ಹೇಳಿಟ್ಟಿದ್ದ ಮೇಜು ಬೇರೆಯವರ ಪಾಲಾಗಿದೆ. ಹೆಡ್ ವೇಟರ್ ಕಣ್ಣಿನಲ್ಲೇ ಇವನನ್ನು ಅಳೆದು ಹಾಕುತ್ತಾನೆ. ಆಗ ರೇಮಂಡ್ ಡಿಲೋನಿ ಎಂಬವನು (ಟೆರಿ-ಥಾಮಸ್) ಕಾಣಿಸಿಕೊಂಡು ತನ್ನ ಮೇಜಿಗೆ ಕರೆಯುತ್ತಾನೆ, ಕೂತಲ್ಲೇ ಏಪ್ರಿಲ್ ಗಮನವನ್ನೆಲ್ಲ ತನ್ನ ಕಡೆ ಎಳೆದುಕೊಳ್ಳುತ್ತಾನೆ. ಅವಳ ಮನಸ್ಸು ಗೆಲ್ಲಲು ಪಾಲ್‌ಫ್ರಿ ಕಾರು ಕೊಳ್ಳಲು ಹೋದರೆ ಹಳೆ ಕಾರಿನ ವ್ಯಾಪಾರಿಗಳಿಬ್ಬರು ಸ್ವಿಫ್ಟ್‌ಮೊಬೈಲ್ ಎಂಬ ಮುದಿ ಗಾಡಿಯನ್ನು ಅವನ ತಲೆಗೆ ಕಟ್ಟುತ್ತಾರೆ. ಅವನದೇ ಕಂಪನಿಯಲ್ಲಿ ಹಿರಿಯ ಗುಮಾಸ್ತ ಗ್ಲೋಟ್‌ಬ್ರಿಜ್ ಅವನ ಮೇಲೆ ದರ್ಬಾರು ನಡೆಸುತ್ತಾನೆ. ಕೊನೆಗೆ ಟೆನಿಸ್ ಅಂಕಣದಲ್ಲಿ, ಏಪ್ರಿಲ್ ಎದುರಿಗೇ, ಡಿಲೋನಿ ಅವನನ್ನು ಮಣ್ಣುಮುಕ್ಕಿಸುತ್ತಾನೆ.

ಪುಸ್ತಕದ ಕ್ರಮವನ್ನು ಚಿತ್ರ ಇಲ್ಲಿ ತಲೆಕೆಳಗು ಮಾಡಿದೆ. ಪಾಟರ್ ಮೊದಲು ಪಾಠ ಹೇಳುತ್ತಾರೆ, ಉದಾಹರಣೆಗೆಂದು ಯಾರನ್ನೋ ಸೋಲಿಸಿ ತೋರಿಸುತ್ತಾರೆ. ಚಿತ್ರ ಮೊದಲು ಸೋಲಿಸುತ್ತದೆ, ಒಂದಾದ ಮೇಲೊಂದು, ನಾವು ಸಾಕು ಎನ್ನುವವರೆಗೆ. ಪಾಠ ಆಮೇಲೆ. ಆದ್ದರಿಂದ ಪಾಠದ ಪ್ರತಿ ಮಾತೂ ನಮಗೆ ಮದ್ದಿನ ಹಾಗೆ ಕೇಳಿಸುತ್ತದೆ. ಮೇಲಿರದವನು ಕೆಳಗಿದ್ದಾನೆ, ನಡುವೆ ಜಾಗವಿಲ್ಲ ಎಂಬ ಸಿದ್ಧಾಂತವನ್ನು ಸಿಮ್ ವಿವರಿಸುವಾಗ ಪುಸ್ತಕದಲ್ಲಿ ವಿನೋದವಾಗಿದ್ದದ್ದು ಇಲ್ಲಿ ಪಾಲ್‌ಫ್ರಿಯ ಮಟ್ಟಿಗೆ ಬರೀ ನಿಜ. ಮೇಜು ಸಿಗದೆ ನಿಂತ ಮುಖವನ್ನು ನಾವು ಆಗಲೇ ನೋಡಿದ್ದೇವೆ.

ತರಬೇತಿಗೆ ಮೊದಲು ಮತ್ತು ನಂತರ ನಡೆಯುವ ಎರಡು ಟೆನಿಸ್ ಪಂದ್ಯಗಳನ್ನು ಸ್ವಲ್ಪ ನಿಂತು ನೋಡಬೇಕು. ಪಾಟರ್‌ನ ಶಾಸ್ತ್ರ ಹುಟ್ಟಿದ್ದು ಟೆನಿಸ್ ಅಂಕಣದಲ್ಲಿ, ಚಿತ್ರದ ಎರಡು ಕಂಬಗಳೂ ಅಲ್ಲಿಯೇ ನಿಂತಿವೆ. ಮೊದಲ ಪಂದ್ಯದಲ್ಲಿ ಟೆರಿ-ಥಾಮಸ್ ಹೊಡೆತಕ್ಕಿಂತ ಹೊಡೆತದ ನಂತರದ ಮಾತಿನಲ್ಲಿ ಕೊಲ್ಲುತ್ತಾರೆ. ಎದುರಾಳಿ ತಪ್ಪಿದಾಗಲೆಲ್ಲ ‘ಹಾರ್ಡ್ ಚೀಸ್’ ಎಂಬ ಎರಡು ಪದ. ಅಯ್ಯೋ ಪಾಪ ಎನ್ನುವಷ್ಟು ಸಣ್ಣ ಮಾತು ಅದು. ಆದರೆ ಮುಂದಿನ ಹಲ್ಲುಗಳ ನಡುವಿನ ಆ ಪ್ರಸಿದ್ಧ ಸಂದಿಯಿಂದ, ಮೀಸೆಯಡಿಯ ನಗುವಿನಿಂದ ಅದು ಹೊರಟು ಬಂದಾಗ ಅದರಲ್ಲಿ ಸಹಾನುಭೂತಿಯ ಒಂದು ಹನಿಯೂ ಇರುವುದಿಲ್ಲ. ಪಾಲ್‌ಫ್ರಿ ಬೆವರುತ್ತಾನೆ, ಓಡುತ್ತಾನೆ, ಮುಗುಳ್ನಗಲು ನೋಡುತ್ತಾನೆ. ಕಾರ್ಮೈಕಲ್ ಆ ಮುಗುಳ್ನಗುವನ್ನು ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಕಡಿಮೆ ಮಾಡುತ್ತ ಹೋಗುತ್ತಾರೆ. ಸಜ್ಜನನೊಬ್ಬನ ಸೌಜನ್ಯ ಸವೆಯುವುದನ್ನು ಇಷ್ಟು ಸೂಕ್ಷ್ಮವಾಗಿ ತೋರಿಸಿದ ಹಾಸ್ಯಚಿತ್ರಗಳು ಬಹಳಿಲ್ಲ.

ಎರಡನೆಯ ಪಂದ್ಯದಲ್ಲಿ ಪಾಲ್‌ಫ್ರಿ ಹೊಸ ಹೊಡೆತವನ್ನೇನೂ ಕಲಿತು ಬಂದಿಲ್ಲ. ಅವನು ಕಲಿತಿರುವುದು ಕಾಯಿಸುವುದು. ಡಿಲೋನಿಯನ್ನು ಕಾಯಿಸಿ ಕಾಯಿಸಿ ಅಂಕಣಕ್ಕೆ ಬರುವ ಮೊದಲೇ ಅವನ ತಾಳ್ಮೆಯನ್ನು ಮುಗಿಸಿಬಿಟ್ಟಿರುತ್ತಾನೆ. ಡಿಲೋನಿಯ ಹೊಡೆತಗಳು ಎಲ್ಲೆಲ್ಲೋ ಹೋಗುತ್ತವೆ. ಆ ‘ಹಾರ್ಡ್ ಚೀಸ್’ ಈಗ ಪಾಲ್‌ಫ್ರಿಯ ಬಾಯಲ್ಲಿ. ಪ್ರೇಕ್ಷಕರು ಇಲ್ಲಿ ಜೋರಾಗಿ ನಗುತ್ತಾರೆ, ನಾನೂ ನಗುತ್ತೇನೆ. ಆದರೆ ಗಮನಿಸಿ, ಅದೇ ಮಾತು, ಅದೇ ಧಾಟಿ. ಗೆಲುವು ಸಿಕ್ಕ ಕ್ಷಣದಲ್ಲಿ ಪಾಲ್‌ಫ್ರಿ ಡಿಲೋನಿಯ ನಕಲಾಗಿದ್ದಾನೆ. ಚಿತ್ರ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೇಳದಿರುವುದರಿಂದಲೇ ಮುಂದೆ ಬರುವ ಅಂತ್ಯಕ್ಕೆ ತೂಕ ಬಂದಿದೆ.

ಕಾರಿನ ವ್ಯಾಪಾರಿಗಳಲ್ಲಿ ಒಬ್ಬನಾಗಿ ನಟಿಸಿರುವವರು ಡೆನಿಸ್ ಪ್ರೈಸ್, ಇನ್ನೊಬ್ಬರು ಪೀಟರ್ ಜೋನ್ಸ್. ತರಬೇತಿ ಮುಗಿಸಿ ಬಂದ ಪಾಲ್‌ಫ್ರಿ ಅದೇ ಮುದಿ ಗಾಡಿಯನ್ನು ಅವರಿಗೇ ದಾಟಿಸಿ, ಬದಲಿಗೆ ಆಸ್ಟಿನ್-ಹೀಲಿ ಸ್ಪೋರ್ಟ್ಸ್ ಕಾರನ್ನೂ ಮೇಲೆ ಹಣವನ್ನೂ ಪಡೆದು ಹೊರಡುತ್ತಾನೆ. ಇಲ್ಲಿ ಡೆನಿಸ್ ಪ್ರೈಸ್ ಅವರ ಮುಖ ನೋಡುವಾಗ ನನಗೆ ಹೇಮರ್ ಅವರ ಇನ್ನೊಂದು ಚಿತ್ರ ಕಣ್ಣಮುಂದೆ ಬರುತ್ತದೆ. 1949ರ ‘ಕೈಂಡ್ ಹಾರ್ಟ್ಸ್ ಅಂಡ್ ಕರೊನೆಟ್ಸ್’. ತಾಯಿಯನ್ನು ಹೊರಗಟ್ಟಿದ ಶ್ರೀಮಂತ ಮನೆತನದ ಒಬ್ಬೊಬ್ಬರನ್ನೇ ಕೊಲ್ಲುತ್ತ ಪದವಿಗೇರುವ ನಯವಂತ ಯುವಕನಾಗಿ ಪ್ರೈಸ್, ಆ ಮನೆತನದ ಎಂಟು ಮಂದಿಯಾಗಿ ಅಲೆಕ್ ಗಿನ್ನೆಸ್. ಬ್ರಿಟಿಷ್ ಹಾಸ್ಯಚಿತ್ರಗಳಲ್ಲಿ ಅದಕ್ಕಿಂತ ಮೇಲಾದದ್ದು ನನಗೆ ಗೊತ್ತಿಲ್ಲ. ಅದರ ಕೇಂದ್ರದಲ್ಲಿಯೂ ಇದೇ ವಸ್ತುವಿದೆ. ಕೆಳಗಿದ್ದವನು ಮೇಲೇರುವುದು, ಏರಲು ಬೇಕಾದ ನಯವಾದ ಕ್ರೌರ್ಯ. ಹೇಮರ್ ಈ ವಸ್ತುವಿನ ಬಳಿಗೆ ಮರಳಿ ಬಂದಿದ್ದರು.

ಆದರೆ ಅವರಿಗೆ ಅದನ್ನು ಮುಗಿಸಲಾಗಲಿಲ್ಲ. ಹೇಮರ್ ಕುಡಿತದ ಕಾಯಿಲೆಯಿಂದ ಬಹುಕಾಲ ನರಳಿದವರು. ಈ ಚಿತ್ರದ ನಡುವೆ ಮತ್ತೆ ಅದು ಅವರನ್ನು ಹಿಡಿಯಿತು, ಅವರನ್ನು ತೆಗೆದುಹಾಕಲಾಯಿತು. ಸಿರಿಲ್ ಫ್ರಾಂಕೆಲ್ ಉಳಿದ ಭಾಗವನ್ನು ಪೂರೈಸಿದರು. ಪರದೆಯ ಮೇಲೆ ಹೇಮರ್ ಹೆಸರೊಂದೇ ಉಳಿಯಿತು. ಅವರು ನಿರ್ದೇಶಿಸಿದ ಕೊನೆಯ ಚಿತ್ರ ಇದು. 1963ರಲ್ಲಿ, 52ನೆಯ ವಯಸ್ಸಿನಲ್ಲಿ ತೀರಿಕೊಂಡರು. ಯಾವ ದೃಶ್ಯ ಯಾರದೆಂದು ಬೇರ್ಪಡಿಸುವ ಆಸೆ ವಿಮರ್ಶಕರಿಗೆ ಸಹಜ. ನನಗೆ ಅದರಲ್ಲಿ ಆಸಕ್ತಿಯಿಲ್ಲ. ಸೋಲಿನ ದೃಶ್ಯಗಳಲ್ಲಿ ಒಂದು ಕಡೆಯೂ ಪಾಲ್‌ಫ್ರಿಯನ್ನು ಹಂಗಿಸದ ಆ ಕ್ಯಾಮೆರಾದ ನಡತೆ ನನಗೆ ಮುಖ್ಯ. ಮನುಷ್ಯ ಕುಗ್ಗುವುದನ್ನು ಹತ್ತಿರದಿಂದ ಬಲ್ಲವರು ಮಾತ್ರ ಹಾಗೆ ನೋಡಬಲ್ಲರು.

ನಟರಲ್ಲಿ ಅಲಸ್ಟೇರ್ ಸಿಮ್ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಸ್ಟೀಫನ್ ಪಾಟರ್ ಹುಟ್ಟಿದ 1900ರಲ್ಲಿಯೇ ಸಿಮ್ ಕೂಡ ಎಡಿನ್‌ಬರೋದಲ್ಲಿ ಹುಟ್ಟಿದರು. ನಟರಾಗುವ ಮೊದಲು ಎಡಿನ್‌ಬರೋದ ನ್ಯೂ ಕಾಲೇಜಿನಲ್ಲಿ ವಾಚನಕಲೆಯ ಅಧ್ಯಾಪಕರಾಗಿದ್ದರು. ಮೂವತ್ತರ ಹೊತ್ತಿಗೆ ರಂಗಕ್ಕೆ ಬಂದರು. ಪಾಲ್ ರೋಬ್ಸನ್ ಒಥೆಲೊ ಆಗಿದ್ದ 1930ರ ಲಂಡನ್ ಪ್ರಯೋಗದಲ್ಲಿ ಸಣ್ಣ ಪಾತ್ರ. ಮುಂದೆ ಅದೇ ಎಡಿನ್‌ಬರೋ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಅವರನ್ನು ರೆಕ್ಟರ್ ಆಗಿ ಆರಿಸಿದರು. 1954ರ ‘ದಿ ಬೆಲ್ಸ್ ಆಫ್ ಸೇಂಟ್ ಟ್ರಿನಿಯನ್ಸ್’ ಚಿತ್ರದಲ್ಲಿ ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿಯೂ ಅವರೇ ನಟಿಸಿದ್ದಾರೆ. ಅದೂ ಒಬ್ಬ ವ್ಯಂಗ್ಯಚಿತ್ರಕಾರನ ಪುಸ್ತಕಗಳಿಂದ ಬಂದ ಚಿತ್ರ, ರೊನಾಲ್ಡ್ ಸರ್ಲ್ ಅವರದು. ಹೀಗೆ ನಿಜವಾಗಿ ಕಲಿಸಿದ್ದವರೊಬ್ಬರು ಈ ಕಪಟ ವಿದ್ಯಾಲಯದ ಗುರುಪೀಠದಲ್ಲಿ ಕೂತಿದ್ದಾರೆ. ಅವರ ಮಾತಿನ ವೇಗ ನೋಡಿ. ವಾಕ್ಯದ ಮೊದಲ ಭಾಗವನ್ನು ಮೆಲ್ಲಗೆ ಎಳೆದು, ಕೊನೆಯ ಪದವನ್ನು ಶಿಷ್ಯನ ಕೈಗೆ ಇಟ್ಟ ಹಾಗೆ ನಿಲ್ಲಿಸುತ್ತಾರೆ. ಆ ದೊಡ್ಡ ಕಣ್ಣುಗಳಲ್ಲಿ ದುಃಖವಿದೆಯೋ ಲೆಕ್ಕಾಚಾರವಿದೆಯೋ ಕೊನೆಯವರೆಗೂ ತಿಳಿಯುವುದಿಲ್ಲ. ಪುಸ್ತಕದ ಸೋಗಿನ ಪಾಂಡಿತ್ಯ ಅಡಿಟಿಪ್ಪಣಿಗಳಲ್ಲಿತ್ತು. ಅಡಿಟಿಪ್ಪಣಿಯನ್ನು ಚಿತ್ರೀಕರಿಸಲಾಗದು. ಅದು ಈ ಚಿತ್ರದಲ್ಲಿ ಸಿಮ್ ಅವರ ದನಿಗೆ ವರ್ಗವಾಗಿದೆ.

ಚಿತ್ರದಲ್ಲಿ ನನ್ನನ್ನು ಕಾಡುವ ಒಂದು ದೋಷವಿದೆ, ಅದನ್ನೂ ಹೇಳಬೇಕು. ವಿದ್ಯಾಲಯದ ಪಾಠಗಳಲ್ಲಿ ಹೆಣ್ಣನ್ನು ಒಲಿಸಿಕೊಳ್ಳುವ ವಿದ್ಯೆಯೂ ಒಂದು. ಟೆನಿಸ್ಸಿನಲ್ಲಿ, ಕಾರಿನ ವ್ಯಾಪಾರದಲ್ಲಿ ಎದುರಿಗಿರುವವನು ಸಮಬಲದವನು, ಹೆಚ್ಚು ಸಲ ಬಲಶಾಲಿ. ಅಲ್ಲಿ ಪಟ್ಟು ಹಾಕಿದರೆ ನಮಗೆ ಖುಷಿ. ಏಪ್ರಿಲ್ ಯಾರಿಗೂ ಕೇಡು ಮಾಡಿದವಳಲ್ಲ. ಅವಳ ಮೇಲೆ ಅದೇ ಪಟ್ಟುಗಳು ಬಿದ್ದಾಗ ನಗು ನಿಲ್ಲುತ್ತದೆ. ಅವಳಿಗೆ ತನ್ನದೇ ಆದ ಮಾತೂ ಹೆಚ್ಚಿಲ್ಲ. ಜಾನೆಟ್ ಸ್ಕಾಟ್ ಒಳ್ಳೆಯ ನಟಿ, ಆದರೆ ಬರಹಗಾರರು ಏಪ್ರಿಲ್‌ಳನ್ನು ಇಬ್ಬರು ಗಂಡಸರ ನಡುವಿನ ಬಹುಮಾನದ ಕಪ್ಪಿನ ಹಾಗೆ ಇಟ್ಟುಬಿಟ್ಟಿದ್ದಾರೆ. ಆ ಕಾಲ ಹಾಗಿತ್ತು ಎಂದು ಬಿಡಬಹುದು, ನಾನು ಬಿಡುವುದಿಲ್ಲ. ಅದೇ 1960ರಲ್ಲಿ ‘ಸ್ಯಾಟರ್‌ಡೇ ನೈಟ್ ಅಂಡ್ ಸಂಡೇ ಮಾರ್ನಿಂಗ್’ ಬಂತು. ಕಾರ್ಖಾನೆಯ ಊರಿನ ಹೆಣ್ಣುಗಂಡುಗಳ ಒರಟು ನಿಜ ಬ್ರಿಟಿಷ್ ತೆರೆಗೆ ಬಂದಿತ್ತು. ಟೆನಿಸ್ ಕ್ಲಬ್ಬು, ಸ್ಪೋರ್ಟ್ಸ್ ಕಾರುಗಳ ಈ ಲೋಕ ಬಿಡುಗಡೆಯ ವರ್ಷದಲ್ಲೇ ಸ್ವಲ್ಪ ಹಳತಾಗಿತ್ತು.

ಚಿತ್ರವನ್ನು ಈ ದೋಷದಿಂದ ಅರ್ಧವಾದರೂ ಎತ್ತುವುದು ಅದರ ಕೊನೆ. ಪಾಲ್‌ಫ್ರಿ ಏಪ್ರಿಲ್‌ಳನ್ನು ಪಟ್ಟುಗಳ ಬಲದಿಂದ ತನ್ನ ಮನೆಯವರೆಗೆ ಕರೆತರುತ್ತಾನೆ. ಇನ್ನು ಒಂದೇ ಹೆಜ್ಜೆ. ಅಲ್ಲಿ ಅವನಿಗೆ ಸಾಧ್ಯವಾಗುವುದಿಲ್ಲ. ಅಷ್ಟರಲ್ಲಿ ಡಿಲೋನಿ ಯೋವಿಲ್ಲಿನ ಗುಟ್ಟನ್ನು ಪತ್ತೆಮಾಡಿ, ಪಾಟರನ್ನೇ ಕರೆದುಕೊಂಡು ಬಂದು ಎಲ್ಲವನ್ನೂ ಬಯಲು ಮಾಡುತ್ತಾನೆ. ಪಾಲ್‌ಫ್ರಿ ಆಗ ಏಪ್ರಿಲ್‌ಗೆ ಯಾವ ಪಟ್ಟೂ ಇಲ್ಲದೆ ತನ್ನ ಮನಸ್ಸನ್ನು ಹೇಳುತ್ತಾನೆ, ಅವಳು ಒಪ್ಪುತ್ತಾಳೆ. ಪಾಟರ್ ದಿಗ್ಭ್ರಮೆಗೊಂಡು ನೇರವಾಗಿ ಪ್ರೇಕ್ಷಕರತ್ತ ತಿರುಗಿ, ತನ್ನ ವಿದ್ಯೆ ಹೀಗೆ ಕುಸಿದದ್ದಕ್ಕೆ ಕ್ಷಮೆ ಕೇಳುತ್ತಾನೆ. ಇದನ್ನು ಕೆಲವರು ಸುಲಭದ ಮುಕ್ತಾಯವೆನ್ನುತ್ತಾರೆ. ಪಾಟರ್‌ನ ಪುಸ್ತಕಕ್ಕೆ ಮಾಡಿದ ದ್ರೋಹವೆಂದವರೂ ಇರಬಹುದು. ನನ್ನ ಅಭಿಪ್ರಾಯ ಬೇರೆ. ಪುಸ್ತಕದ ಶಾಸ್ತ್ರ ನಿಂತಿರುವುದೇ ಎದುರಾಳಿಯ ಒಳ್ಳೆಯತನದ ಮೇಲೆ ಎಂದು ಆಗಲೇ ಹೇಳಿದೆ. ಆ ಒಳ್ಳೆಯತನ ಪಟ್ಟು ಹಾಕುವವನೊಳಗೇ ಉಳಿದುಬಿಟ್ಟಿದ್ದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಪಾಟರ್ ಬಳಿ ಉತ್ತರವಿಲ್ಲ. 1931ರ ಆ ಇಬ್ಬರು ಹುಡುಗರ ಪರವಾಗಿ ಈ ಚಿತ್ರ ಮಾತಾಡಿದೆ ಎಂದೇ ನಾನು ತಿಳಿದಿದ್ದೇನೆ. ಅವರಲ್ಲಿ ಒಬ್ಬನು ಯೋವಿಲ್ಲಿಗೆ ಹೋಗಿ, ಎಲ್ಲವನ್ನೂ ಕಲಿತು, ಕೊನೆಯಲ್ಲಿ ಮತ್ತೆ ಚೆಂಡು ಹೊರಗೇ ಬಿತ್ತು ಎಂದು ನಿಜ ಹೇಳಿದ ಹಾಗೆ.

ಕಾರ್ಮೈಕಲ್ ಮತ್ತು ಪ್ರೈಸ್ 1965ರಿಂದ ಬಿಬಿಸಿ ಟೆಲಿವಿಷನ್ನಿನಲ್ಲಿ ವುಡ್‌ಹೌಸ್ ಅವರ ಬರ್ಟಿ ವೂಸ್ಟರ್ ಮತ್ತು ಜೀವ್ಸ್ ಆದರು. ಪುಸ್ತಕದ ಹಾಸ್ಯವನ್ನು ಮೈಗೂಡಿಸಿಕೊಳ್ಳುವುದು ಆ ತಲೆಮಾರಿನ ನಟರಿಗೆ ಒಂದು ಕಸುಬೇ ಆಗಿತ್ತು. 2006ರಲ್ಲಿ ಅಮೆರಿಕದಲ್ಲಿ ಇದೇ ಹೆಸರಿನ ಮರುಚಿತ್ರ ಬಂತು. ಅಲ್ಲಿ ಗುರುವೇ ಪ್ರತಿಸ್ಪರ್ಧಿ. ಅದು ಹೆಚ್ಚು ಒರಟು, ಹೆಚ್ಚು ಗದ್ದಲ. ಅದರ ಬಗ್ಗೆ ಇಷ್ಟು ಸಾಕು.

ಹೆಚ್ಚು ಸಮಯ ಕೊಡಬೇಕಾದದ್ದು 1976ರ ‘ಛೋಟಿ ಸಿ ಬಾತ್’ ಚಿತ್ರಕ್ಕೆ. ಬಿ.ಆರ್. ಚೋಪ್ರಾ ನಿರ್ಮಾಣ, ಬಸು ಚಟರ್ಜಿ ನಿರ್ದೇಶನ, ಸಲಿಲ್ ಚೌಧರಿ ಸಂಗೀತ. ಪಾಲ್‌ಫ್ರಿಯ ಜಾಗದಲ್ಲಿ ಅಮೋಲ್ ಪಾಲೇಕರ್ ಅವರ ಅರುಣ್, ಡಿಲೋನಿಯ ಜಾಗದಲ್ಲಿ ಅಸ್ರಾನಿಯವರ ನಾಗೇಶ್, ಯೋವಿಲ್ಲಿನ ಜಾಗದಲ್ಲಿ ಖಂಡಾಲ, ಪಾಟರ್‌ನ ಜಾಗದಲ್ಲಿ ಅಶೋಕ್ ಕುಮಾರ್ ಅವರ ಕರ್ನಲ್ ಜೂಲಿಯಸ್ ನಾಗೇಂದ್ರನಾಥ್ ವಿಲ್‌ಫ್ರೆಡ್ ಸಿಂಗ್. ಸ್ಪೋರ್ಟ್ಸ್ ಕಾರು ಇಲ್ಲಿ ಇಲ್ಲ. ಕೆಟ್ಟು ನಿಲ್ಲುವ ಮೋಟಾರ್‌ಬೈಕ್ ಇದೆ. ಟೆನಿಸ್ ಅಂಕಣದ ಬದಲು ಟೇಬಲ್ ಟೆನಿಸ್. ಕ್ಲಬ್ಬಿನ ಬದಲು ಜಹಾಂಗೀರ್ ಆರ್ಟ್ ಗ್ಯಾಲರಿಯ ಸಮೋವಾರ್ ಹೋಟೆಲ್. ಮುಖ್ಯವಾಗಿ, ಬಸ್ ಸ್ಟಾಪು. ಇಂಗ್ಲಿಷ್ ಚಿತ್ರದಲ್ಲಿ ಬಸ್ಸು ಪರಿಚಯಕ್ಕೊಂದು ನೆಪ, ಒಮ್ಮೆ ಬಂದು ಹೋಗುತ್ತದೆ. ಬಸು ಚಟರ್ಜಿ ಅದನ್ನೇ ಹಿಡಿದುಕೊಂಡರು. ಸಂಬಳಕ್ಕೆ ದುಡಿಯುವ ಬೊಂಬಾಯಿಯ ಜನ ದಿನವೂ ನಿಲ್ಲುವ ಸಾಲು ಅದು. ಮಾತಾಡದೆಯೇ ಒಬ್ಬರನ್ನೊಬ್ಬರು ತಿಂಗಳುಗಟ್ಟಲೆ ನೋಡುವ ಜಾಗ. ಆ ಸಾಲಿನಲ್ಲಿ ಸ್ಕೂಟರ್ ನಿಲ್ಲಿಸಿ ಹುಡುಗಿಯನ್ನು ಹತ್ತಿಸಿಕೊಂಡು ಹೋಗುವವನ ಎದುರು ಬಸ್ಸಿಗೆ ಕಾಯುವವನ ಸೋಲು ಏನೆಂದು ನಮಗೆ ಯಾರೂ ವಿವರಿಸಬೇಕಾಗಿಲ್ಲ. ಈ ಚಿತ್ರಕಥೆಗೆ ಚಟರ್ಜಿಯವರಿಗೆ ಫಿಲಂಫೇರ್ ಪ್ರಶಸ್ತಿ ಬಂತು.

ಪ್ರಭಾ ಪಾತ್ರದಲ್ಲಿ ವಿದ್ಯಾ ಸಿನ್ಹಾ ಅವರನ್ನು ನೋಡಿ. ಅವಳು ಕಚೇರಿಗೆ ಹೋಗಿ ದುಡಿಯುವವಳು. ಅರುಣ್ ತನ್ನ ಹಿಂದೆ ಬರುತ್ತಿದ್ದಾನೆಂದು ಅವಳಿಗೆ ಮೊದಲ ದಿನದಿಂದ ಗೊತ್ತು. ಅದನ್ನು ಗೆಳತಿಯೊಡನೆ ಹೇಳಿಕೊಂಡು ನಗುತ್ತಾಳೆ, ಈ ಹುಡುಗ ಬಾಯಿ ತೆಗೆಯುವುದು ಯಾವಾಗ ಎಂದು ಕಾಯುತ್ತಾಳೆ, ಅವನು ಕಾಣದ ದಿನ ಹುಡುಕುತ್ತಾಳೆ. ಅಂದರೆ ಖಂಡಾಲದ ಪಾಠಗಳಿಗೆ ಮೊದಲೇ ಅರುಣ್ ಗೆದ್ದಾಗಿದೆ, ಅವನಿಗೊಬ್ಬನಿಗೇ ಅದು ತಿಳಿಯದು. ಇಂಗ್ಲಿಷ್ ಚಿತ್ರಕ್ಕೆ ಕೊನೆಯ ಐದು ನಿಮಿಷದಲ್ಲಿ ಹೊಳೆದದ್ದನ್ನು ಚಟರ್ಜಿ ಮೊದಲ ರೀಲಿನಲ್ಲೇ ಇಟ್ಟಿದ್ದಾರೆ, ಅದನ್ನು ಹೆಣ್ಣಿನ ಕೈಗೆ ಕೊಟ್ಟಿದ್ದಾರೆ. ಪಾಟರ್‌ನ ಪುಸ್ತಕಕ್ಕೆ ಹೇಮರ್ ಮತ್ತು ಗೆಳೆಯರು ಒಬ್ಬ ಸೋತವನನ್ನು ತಂದರು. ಆ ಸೋತವನನ್ನು ಮೊದಲಿನಿಂದಲೇ ಮೆಚ್ಚಿಕೊಂಡು, ಮಾತಿಗಾಗಿ ಕಾದು ನಿಂತ ಒಬ್ಬಳನ್ನು ಚಟರ್ಜಿ ತಂದರು. ಏಪ್ರಿಲ್‌ಗೆ ಸಿಗಬೇಕಾಗಿದ್ದ ಜಾಗ ಬೊಂಬಾಯಿಯ ಪ್ರಭಾಗೆ ಸಿಕ್ಕಿತು.